ಡಾಲರ್ ಏರಿದರೆ ಮಾವನ ಲಾರಿಗೆ ಏನಾಗುತ್ತದೆ

ಕೋಲಾರದಲ್ಲಿರುವ ನಮ್ಮ ಮಾವ ಒಂದು ಲಾರಿ ಇಟ್ಟುಕೊಂಡಿದ್ದಾರೆ. ಟೊಮೆಟೊ ತುಂಬಿಕೊಂಡು ಮುಂಬೈ ಕಡೆಗೆ ಹೋಗುವುದೇ ಜಾಸ್ತಿ. ಮೊನ್ನೆ ಊರಿಗೆ ಹೋದಾಗ ಅವರ ಲೆಕ್ಕದ ಪುಸ್ತಕ ತೆಗೆದು ಕೂತಿದ್ದೆವು. ಡೀಸೆಲ್, ಟೋಲ್, ಡ್ರೈವರ್ ಬಾಟಾ, ಟೈರು, ಒಂದೂ ಬಿಡದೆ ಬರೆದಿಟ್ಟಿದ್ದಾರೆ. "ಡಾಲರ್ ಏರಿದ್ರೆ ನಮಗೇನಪ್ಪಾ, ನಾವು ಓಡಿಸೋದು ಇಲ್ಲೇ ಅಲ್ವಾ?" ಅಂದರು.

ಅದೇ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದೆ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರಬೇಕು, ಅದಕ್ಕೆ ಹೆಚ್ಚಾಗಿ ಡಾಲರ್‌ನಲ್ಲೇ ದುಡ್ಡು ಕೊಡಬೇಕು. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಬ್ಯಾರೆಲ್‌ಗೆ 80 ಡಾಲರ್ ಅಂತ ಇಟ್ಟುಕೊಳ್ಳಿ. ಡಾಲರ್‌ಗೆ 75 ರೂಪಾಯಿ ಇದ್ದಾಗ ಒಂದು ಲೀಟರ್ ಕಚ್ಚಾ ತೈಲಕ್ಕೆ ಸುಮಾರು 38 ರೂಪಾಯಿ, 85 ಆದಾಗ ಸುಮಾರು 43. ತೈಲದ ಬೆಲೆ ಅಲ್ಲೇ ಇದೆ, ನಮಗೆ ಮಾತ್ರ 5 ರೂಪಾಯಿ ಹೆಚ್ಚಾಯಿತು. ಮಾವನ ಲಾರಿ ಲೀಟರಿಗೆ 4 ಕಿಲೋಮೀಟರ್ ಕೊಡುತ್ತದೆ. ಮುಂಬೈಗೆ ಸಾವಿರ ಕಿಲೋಮೀಟರ್ ಅಂದರೂ 250 ಲೀಟರ್ ಬೇಕು. ಆ 5 ರೂಪಾಯಿ ಪೂರ್ತಿ ಬಂಕಿಗೆ ಬಂದರೆ ಹೋಗುವ ಖರ್ಚೇ 1,250 ರೂಪಾಯಿ ಜಾಸ್ತಿ.

15 ಟನ್ ಲೋಡಿಗೆ ಹಂಚಿದರೆ ಇದು ಕೆಜಿಗೆ 8 ಪೈಸೆ ಚಿಲ್ಲರೆ ಅಷ್ಟೇ. ಇಷ್ಟಕ್ಕೆ ಟೊಮೆಟೊ ತುಟ್ಟಿಯಾಗುತ್ತಾ ಅಂತ ಕೇಳಬಹುದು. ಆದರೆ ತೋಟದಿಂದ ಮಂಡಿಗೆ ಬರುವ ಟೆಂಪೋ, ಗೊಬ್ಬರ, ಮುಂಬೈ ಒಳಗೆ ಓಡಾಡುವ ಸಣ್ಣ ಗಾಡಿ, ಎಲ್ಲದಕ್ಕೂ ಇದೇ ಏಟು ಬೀಳುತ್ತದೆ, ಒಬ್ಬೊಬ್ಬರೂ ತಮ್ಮ ಪಾಲನ್ನು ಮುಂದಿನವರ ಮೇಲೆ ಹಾಕುತ್ತಾರೆ. ಅದಕ್ಕಿಂತ ಮೊದಲು ನೋವು ಮಾವನಂಥವರಿಗೆ. ಬಾಡಿಗೆ ತಕ್ಷಣ ಏರುವುದಿಲ್ಲ. ಕೆಲವು ತಿಂಗಳು ಕೈಯಿಂದ ಹಾಕಿಕೊಳ್ಳುತ್ತಾರೆ, ಆಮೇಲೆ ಒಂದೇ ಸಲ ಏರಿಸುತ್ತಾರೆ. ಏರಿದ ಬಾಡಿಗೆ ಮತ್ತೆ ಇಳಿದದ್ದು ಎಲ್ಲಾದರೂ ಇದೆಯಾ ಅಂತ ಆ ಪುಸ್ತಕವಿಡೀ ಹುಡುಕಿದೆ. ಸಿಗಲಿಲ್ಲ.

ಅದಕ್ಕೇ ರೂಪಾಯಿ ದಿಢೀರ್ ಅಂತ ಬೀಳದ ಹಾಗೆ ರಿಸರ್ವ್ ಬ್ಯಾಂಕ್ ನೋಡಿಕೊಳ್ಳುವುದು ಸರಿ ಅನ್ನಿಸುತ್ತದೆ. 2013ರ ಆಗಸ್ಟ್‌ನಲ್ಲಿ ಡಾಲರ್ 68 ದಾಟಿದಾಗ ಮೂರು ಸರ್ಕಾರಿ ತೈಲ ಕಂಪನಿಗಳಿಗೆ ಅದು ನೇರವಾಗಿ ಡಾಲರ್ ಕೊಡುವ ವ್ಯವಸ್ಥೆ ಮಾಡಿತು. ಅವು ದಿನಾ ಮಾರುಕಟ್ಟೆಗೆ ಬಂದು ಡಾಲರ್ ಕೊಂಡಿದ್ದರೆ ರೂಪಾಯಿ ಇನ್ನೂ ಜಾರುತ್ತಿತ್ತು.

ಹಾಗಂತ ಬಿಗಿಯಾಗಿ ಹಿಡಿದಿಟ್ಟರೆ ಏನಾಗುತ್ತದೆ ಅನ್ನುವುದನ್ನು ಶ್ರೀಲಂಕಾ ಜನ ಅನುಭವಿಸಿದರು. ಅಲ್ಲಿಯ ಕೇಂದ್ರ ಬ್ಯಾಂಕ್ ಡಾಲರ್‌ಗೆ ಸುಮಾರು 200 ಶ್ರೀಲಂಕಾ ರೂಪಾಯಿ ಅಂತ ತಿಂಗಳುಗಟ್ಟಲೆ ಹಿಡಿದುಕೊಂಡಿತ್ತು. ಕೈಯಲ್ಲಿದ್ದ ಡಾಲರ್ ಖಾಲಿಯಾಗುತ್ತಾ ಬಂತು. 2022ರ ಮಾರ್ಚ್‌ನಲ್ಲಿ ಕೈಬಿಟ್ಟ ಮೇಲೆ ಮೇ ಹೊತ್ತಿಗೆ 360ರ ಹತ್ತಿರ ಹೋಯಿತು. 2021ರ ಕೊನೆಯಲ್ಲಿ ಲೀಟರಿಗೆ 121 ಇದ್ದ ಡೀಸೆಲ್ ಜೂನ್ ಕೊನೆಗೆ 460! ಅದೂ ಸಿಕ್ಕರೆ. ಜನ ಬಂಕ್ ಮುಂದೆ ದಿನಗಟ್ಟಲೆ ಸಾಲು ನಿಂತರು. ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ ನೂರಕ್ಕೆ 70ರ ಹತ್ತಿರ ಇತ್ತು.

ನಮ್ಮಲ್ಲಿ ಅಷ್ಟು ಕೆಟ್ಟಿಲ್ಲ. ಆದರೆ ರೂಪಾಯಿ ಜಾರುವಾಗ ಡೀಸೆಲ್ ತೆರಿಗೆ ಇಳಿಸಿ ಏಟನ್ನು ಸ್ವಲ್ಪ ತಡೆಯಬಹುದು. 2022ರ ಮೇನಲ್ಲಿ ಕೇಂದ್ರ ಸರ್ಕಾರ ಲೀಟರಿಗೆ 6 ರೂಪಾಯಿ ಸುಂಕ ಇಳಿಸಿತ್ತು. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಮಾರಾಟ ತೆರಿಗೆ ಏರಿಸಿ, ಡೀಸೆಲ್ 2 ರೂಪಾಯಿ ತುಟ್ಟಿಯಾಯಿತು. ಮುಂಬೈ ಟ್ರಿಪ್‌ಗೆ ಅದೇ 500 ರೂಪಾಯಿ. ಮಾವ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ.