ತೇಲಿದ ಹನಿ

ನೀಲಿ ನೀರು ತುಂಬಿದ ಆ ಗಾಜಿನ ಗ್ಲಾಸು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಗಸ್ಟ್ ತಿಂಗಳ ಒಂದು ಭಾನುವಾರ. ವಿಜಯಪುರದಲ್ಲಿ ನಾವು ಪರೀಕ್ಷೆಗೆ ಓದಲು ಕೂರುವ ಜಾಗದ ಪಕ್ಕದಲ್ಲೇ ರಕ್ತದಾನ ಶಿಬಿರವಿತ್ತು. ರೂಮಿನ ನಾಲ್ವರೂ ಹೋಗಿ ಸಾಲಿನಲ್ಲಿ ನಿಂತೆವು. ಸಿಸ್ಟರ್ ಒಬ್ಬರು ಬೆರಳಿಗೆ ಚುಚ್ಚಿ, ಬಂದ ರಕ್ತದಲ್ಲಿ ಒಂದು ಹನಿಯನ್ನು ಆ ನೀಲಿ ನೀರಿಗೆ ಬಿಡುತ್ತಿದ್ದರು. ನನ್ನ ಮುಂದಿದ್ದ ಮೂವರ ಹನಿ ಹರಳಿನಂತೆ ತಳ ಸೇರಿದವು. ನನ್ನದು ಅರ್ಧಕ್ಕೆ ಇಳಿದು ನಿಂತಿತು. ತುಸು ಅಲುಗಾಡಿತು. ಆಮೇಲೆ ಮೆಲ್ಲಗೆ ಮೇಲಕ್ಕೆ ಬಂತು.

ಅದು ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು. ಇಂಡಿ ತಾಲ್ಲೂಕಿನ ನಮ್ಮೂರಲ್ಲಿ ಲಿಂಬೆ ತೋಟದವರು ಸುಣ್ಣದ ಜೊತೆ ಕಲಸಿ ಗಿಡಕ್ಕೆ ಹೊಡೆಯುತ್ತಾರಲ್ಲ, ಅದೇ ಮೈಲುತುತ್ತ. ಇಲ್ಲಿ ಅದರ ಸಾಪೇಕ್ಷ ಸಾಂದ್ರತೆಯನ್ನು, ಅಂದರೆ ಬರೀ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದನ್ನು, 1.053ಕ್ಕೆ ಸರಿಮಾಡಿ ಇಟ್ಟಿರುತ್ತಾರಂತೆ. ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹನಿ ಮುಳುಗುತ್ತದೆ, ಕಡಿಮೆಯಿದ್ದರೆ ತೇಲುತ್ತದೆ. ಸಿಸ್ಟರ್ ನನ್ನ ಬೆರಳಿಗೆ ಹತ್ತಿ ಒತ್ತಿ, "ತಮ್ಮಾ, ನೀ ಕೊಡೂದು ಬ್ಯಾಡ, ನಿನಗs ಬೇಕಾಗ್ಯದ" ಅಂದರು. ದನಿಯಲ್ಲಿ ಮರುಕವಿತ್ತು. ಅದೇ ನನಗೆ ಹೆಚ್ಚು ನೋವಾಗಿದ್ದು. 24 ವರ್ಷದ ಹುಡುಗ ನಾನು. ರಜೆ ಬಂದರೆ ಹೊಲದಲ್ಲಿ ಅಪ್ಪನ ಜೊತೆ ದಿನವಿಡೀ ಕೆಲಸ ಮಾಡಿ ಬೆಳೆದವನು.

ಮರುದಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 10.8 ಬಂತು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು, ಜಂತಿನ ಮಾತ್ರೆಯನ್ನೂ ಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು, "ಬೆಳಗಿಂದ ರಾತ್ರಿ ತನಕ ಏನೇನು ತಿಂತೀಯಪ್ಪ, ಒಂದೂ ಬಿಡದೆ ಹೇಳು" ಅಂದರು. ಹೇಳುತ್ತಾ ಹೋದಂತೆ ನನಗೇ ಗಾಬರಿಯಾಯಿತು. ಬೆಳಿಗ್ಗೆ ಗಾಡಿಯ ಮೇಲಿನ ಪೂರಿ, ಚಹಾ. ಮಧ್ಯಾಹ್ನ ಮೆಸ್ಸಿನ ಬಿಳಿ ಅನ್ನ, ನೀರು ಸಾರು. ಸಂಜೆ ಮಿರ್ಚಿ ಭಜಿ, ಮತ್ತೆ ಚಹಾ. ರಾತ್ರಿ ಎರಡು ಚಪಾತಿ, ಆಲೂಗಡ್ಡೆ, ಊಟ ಮುಗಿದ ಕೂಡಲೇ ನಿದ್ದೆ ಬಾರದಿರಲೆಂದು ಇನ್ನೊಂದು ಚಹಾ. ಮೆಸ್ಸಿಗೆ ತಿಂಗಳಿಗೆ 3,200, ಹೊರಗಿನ ತಿಂಡಿ-ಚಹಾಕ್ಕೆ ಸುಮಾರು 1,200. ಅಪ್ಪ ಕಳಿಸುವ ದುಡ್ಡಿನಲ್ಲಿ ಬಾಡಿಗೆ ಬಿಟ್ಟರೆ ಉಳಿಯುವುದೆಲ್ಲ ಹೊಟ್ಟೆಗೇ ಹೋಗುತ್ತಿತ್ತು. ಆದರೂ ರಕ್ತ ತೆಳ್ಳಗಾಗಿತ್ತು.

"ಹಣ್ಣು, ಖರ್ಜೂರ ತಗೋಳಾಕ ರೊಕ್ಕ ಇಲ್ಲ ಸರ್" ಅಂದೆ. ಅವರು ಕೇಳಿದ್ದು ಒಂದೇ ಮಾತು: "ಮನ್ಯಾಗ ಜ್ವಾಳ ಬೆಳೀತೀರೋ ಇಲ್ಲೋ?"

ಬೆಳೆಯುತ್ತೇವೆ. ಅಷ್ಟೇ ಅಲ್ಲ, ಜೂನ್ ತಿಂಗಳಲ್ಲಿ ಅಪ್ಪ ಬಸ್ಸಿಗೆ ಹಾಕಿ ಕಳಿಸಿದ ಅರ್ಧ ಚೀಲ ಮಾಲದಂಡಿ ಜೋಳ ಜಲನಗರದ ನಮ್ಮ ರೂಮಿನ ಮೂಲೆಯಲ್ಲೇ ಇತ್ತು. ಯಾರಿಗಾದರೂ ಕೊಟ್ಟು ರೊಟ್ಟಿ ಮಾಡಿಸಿಕೊಂಡು ತಿನ್ನಲಿ ಎಂದು ಕಳಿಸಿದ್ದು. ಯಾರನ್ನು ಕೇಳುವುದೆಂದು ಸಂಕೋಚಪಟ್ಟು ನಾನು ಅದನ್ನು ಗೋಡೆಗೆ ಒರಗಿಸಿ ಇಟ್ಟಿದ್ದೆ. ರೂಮಿನಲ್ಲಿ ಕುರ್ಚಿ ಇರಲಿಲ್ಲ. ಎರಡು ತಿಂಗಳು ಆ ಚೀಲದ ಮೇಲೆ ಕೂತೇ ಓದಿದ್ದೆ.

ಮುಂದಿನ ಭಾನುವಾರ ಐದು ಕಿಲೋ ಜೋಳ ಹಸನು ಮಾಡಿ ಗಿರಣಿಗೆ ಒಯ್ದೆ. ಬಿಸಿ ಹಿಟ್ಟಿನ ಚೀಲ ಹೆಗಲ ಮೇಲೆ ಹೊತ್ತು ಬಂದವನು ನೇರ ಹೋಗಿ ನಿಂತಿದ್ದು ಹಿಂದಿನ ಓಣಿಯ ಅಕ್ಕನ ಬಾಗಿಲಿಗೆ. ಆಕೆ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಸಂಸಾರ ನಡೆಸುವವಳು. ನಸುಕಿನ ನಾಲ್ಕು ಗಂಟೆಗೇ ಆಕೆಯ ಕೈಸಪ್ಪಳ ನಮ್ಮ ರೂಮಿಗೆ ಕೇಳುತ್ತದೆ. ದುಡ್ಡು ಕೊಟ್ಟು ಮಾಡಿಸಿಕೊಳ್ಳೋಣ ಎಂದೇ ಹೋಗಿದ್ದೆ. ಯಾಕೋ ಬಾಯಿಂದ, "ಅಕ್ಕಾ, ನನಗೂ ಕಲಿಸ್ತೀರೇನ್ರಿ?" ಅಂತ ಬಂತು. ಆಕೆ ನನ್ನ ಕೈ ನೋಡಿದಳು, ಮುಖ ನೋಡಿದಳು. "ಒಳಗ ಬಾ" ಅಂದಳು.

ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ. ತಣ್ಣೀರು ಹಾಕಿ ಎಷ್ಟು ನಾದಿದರೂ ಒಂದಕ್ಕೊಂದು ಹಿಡಿಯುವುದಿಲ್ಲ. ಕುದಿವ ನೀರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಬೆಂದು ಜಿಗಿ ಬಿಡುತ್ತದೆ. ಎಸರು ಹಾಕುವುದೆಂದರೆ ಅದೇ. ಹಿಟ್ಟಿನ ನಡುವೆ ಕುಣಿ ಮಾಡಿ ಎಸರು ಸುರಿದು, ಸವಟಿನಿಂದ ಕಲಸಿ, ಬಿಸಿ ಆರುವ ಮುಂಚೆಯೇ ಅಂಗೈಯ ಬುಡದಿಂದ ಒತ್ತಿ ನಾದಬೇಕು. ನನ್ನ ಅಂಗೈ ಕೆಂಪಾಯಿತು. "ಸುಡ್ತದ ಅಂತ ಕೈ ತಗದ್ರ ರೊಟ್ಟಿ ಸೀಳತಾವ ನೋಡು" ಅಂತ ಆಕೆ ಎದುರಿಗೆ ಕೂತು ಹೇಳುತ್ತಿದ್ದಳು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಎಂಟು-ಹತ್ತು ದಿನಕ್ಕೆ ಆಗುವಷ್ಟೇ ಬೀಸಿಸಬೇಕು ಅನ್ನುವುದನ್ನೂ ಆಕೆಯಿಂದಲೇ ಕಲಿತೆ.

ಬಡಿಯುವುದು ಇನ್ನೂ ಕಷ್ಟ. ಕೆಳಗೆ ಒಣ ಹಿಟ್ಟು ಉದುರಿಸಿ ಉಂಡೆ ಇಟ್ಟು, ಬಲಗೈ ಬೀಳುವಾಗಲೇ ರೊಟ್ಟಿ ಎಡಕ್ಕೆ ತಿರುಗಬೇಕು. ತಿರುಗಿಸುವುದು ಬೆರಳಲ್ಲ, ಬಡಿತವೇ. ನನ್ನ ಮೊದಲ ಮೂರು ರೊಟ್ಟಿ ಅಂಚಿನಲ್ಲಿ ಬಿರಿದವು. ನಾಲ್ಕನೆಯದು ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಐದನೆಯದು ಇಡಿಯಾಗಿ ಹಂಚಿನ ಮೇಲೆ ಬಿತ್ತು. ಅಕ್ಕ ಒದ್ದೆ ಅರಿವೆ ಕೊಟ್ಟಳು, ಮೇಲ್ಭಾಗಕ್ಕೆ ನೀರು ಸವರಿದೆ, ನೀರು ಆರಿದ ಮೇಲೆ ತಿರುವಿ ಹಾಕಿದೆ, ಅಂಚನ್ನು ಉರಿಗೆ ಹಿಡಿದೆ. ಒಂದು ಮೂಲೆಯಲ್ಲಿ ಗುಳ್ಳೆ ಎದ್ದು, ಹರಡಿ, ರೊಟ್ಟಿ ಪೂರ್ತಿ ಉಬ್ಬಿ ನಿಂತಿತು. ಆ ಕ್ಷಣ ನನಗಾದ ಖುಷಿಯನ್ನು ಯಾವ ಪರೀಕ್ಷೆಯ ಫಲಿತಾಂಶವೂ ಕೊಟ್ಟಿರಲಿಲ್ಲ. ಅವ್ವ ದಿನಕ್ಕೆ ಇಪ್ಪತ್ತು ರೊಟ್ಟಿ ಮಾಡುತ್ತಿದ್ದಳು. ಇಷ್ಟು ವರ್ಷ ಅದೇ ಒಲೆಯ ಮುಂದೆ ಕೂತು ಉಂಡಿದ್ದೇನೆ, ಒಂದು ದಿನವೂ ಆಕೆಯ ಕೈ ನೋಡಿರಲಿಲ್ಲ. ನಮ್ಮ ಕಡೆ ಗಂಡುಮಕ್ಕಳನ್ನು ಹೀಗೇ ಬೆಳೆಸುತ್ತಾರೆ. ಇದು ತಪ್ಪು ಅಂತ ಈಗ ನನಗೆ ಖಚಿತವಾಗಿ ಅನಿಸುತ್ತದೆ.

ಅಂದು ಸಂಜೆಯೇ ಎಲ್‌ಬಿಎಸ್ ಮಾರ್ಕೆಟ್ಟಿಗೆ ಹೋಗಿ ಕಬ್ಬಿಣದ ಹಂಚು, ಸಣ್ಣ ಕಬ್ಬಿಣದ ಬಾಣಲೆ ತಂದೆ. ಒಂದೇ ಬರ್ನರಿನ ಸಣ್ಣ ಗ್ಯಾಸು ರೂಮಿನಲ್ಲಿ ಮೊದಲೇ ಇತ್ತು, ಅಲ್ಲಿಯವರೆಗೆ ಚಹಾಕ್ಕೆ ಮಾತ್ರ ಉರಿಯುತ್ತಿತ್ತು. ಕತ್ತಲಾಗುವ ಹೊತ್ತಿಗೆ ಸೊಪ್ಪು-ಪಲ್ಯ ಮಾರುವ ಅಜ್ಜಿಯರು ಮನೆಗೆ ಹೊರಡುವ ಅವಸರದಲ್ಲಿರುತ್ತಾರೆ. ಬೆಳಿಗ್ಗೆ ಹತ್ತು ರೂಪಾಯಿಗೆ ಒಂದಿದ್ದ ಮೆಂತ್ಯ ಸಿವುಡು ಆಗ ಎರಡು ಸಿಗುತ್ತವೆ. ರಾಜಗಿರಿ, ಪುಂಡಿ ಪಲ್ಯ, ಮಳೆಗಾಲದಲ್ಲಿ ಹಕ್ಕರಕಿ. ಪುಂಡಿಯ ಹುಳಿ ಕಬ್ಬಿಣದ ಬಾಣಲೆಯಲ್ಲಿ ಬೆಂದಾಗ ಬಾಣಲೆಯ ಕಬ್ಬಿಣವೂ ಅಷ್ಟಿಷ್ಟು ಪಲ್ಯಕ್ಕೆ ಇಳಿಯುತ್ತದೆ. ಜೋಳದ ನುಚ್ಚು, ಒಂದು ಹಿಡಿ ಕಡಲೆಬೇಳೆ, ಬೆಳ್ಳುಳ್ಳಿ ಹಾಕಿ ಮಾಡಿದರೆ ಎರಡು ಹೊತ್ತಿಗೆ ಸಾಕು.

ಮಡಿಕೆ ಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಕಿಟಕಿಗೆ ತೂಗುಹಾಕುತ್ತೇನೆ. ಮರುದಿನ ಬಿಚ್ಚಿದರೆ ಬಟ್ಟೆಯ ನೂಲಿನ ಸಂದಿಯಿಂದಲೂ ಬಿಳಿ ಮೊಳಕೆ ಹೊರಗೆ ಬಂದಿರುತ್ತವೆ. ಒಂದು ವಾಟಿ ಕಾಳು ಎರಡು ವಾಟಿಗೂ ಮಿಕ್ಕಿ ಆಗುತ್ತದೆ. ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಡುವ ಅಂಶವೊಂದಿದೆ, ಮೊಳಕೆ ಬಂದರೆ ಅದು ಕಡಿಮೆಯಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಮೇಲೆ ಅರ್ಧ ಹೋಳು ಲಿಂಬೆ ಹಿಂಡು ಅಂದಿದ್ದರು. ಹುಳಿಯಲ್ಲಿರುವ ಸಿ ಜೀವಸತ್ವದಿಂದ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ. ಇಂಡಿ ಲಿಂಬೆಗೆ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಸಿಕ್ಕಿದೆ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಊಟದ ತಾಟಿಗೆ ಹಿಂಡಿರಲಿಲ್ಲ. ಊಟದ ಬೆನ್ನಿಗೇ ಕುಡಿಯುವ ಚಹಾ ಆ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಎಂದಿದ್ದರು. ಚಹಾ ಪೂರ್ತಿ ಬಿಡಲಾಗಲಿಲ್ಲ, ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡುವುದನ್ನು ರೂಢಿಸಿಕೊಂಡೆ.

ಜೋಳವೇನೂ ಸಾಮಾನ್ಯವಲ್ಲ. ನೂರು ಗ್ರಾಮಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹತ್ತಿರ ಹತ್ತಿರ 4 ಮಿಲಿಗ್ರಾಂ ಕಬ್ಬಿಣ. ಪಾಲಿಶ್ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ.

ಈಗ ಖರ್ಚಿನ ಮಾತು. ಸೆಪ್ಟೆಂಬರ್ ತಿಂಗಳ ಲೆಕ್ಕ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ. ಪಲ್ಯ, ಕಾಳು-ಬೇಳೆ, ಶೇಂಗಾ, ಎಣ್ಣೆ, ದಿನಕ್ಕೆ ಪಾವು ಲೀಟರ್ ಹಾಲು, ತಿಂಗಳಿಗೆ ಇಪ್ಪತ್ತು ತತ್ತಿ, ಗ್ಯಾಸು, ಗಿರಣಿ ಎಲ್ಲ ಸೇರಿ 2,180 ರೂಪಾಯಿ. ಮನೆಯ ಜೋಳಕ್ಕೆ ಬೆಲೆ ಕಟ್ಟಿಲ್ಲ. ದಿನಕ್ಕೆ ಐದು ರೊಟ್ಟಿಯಂತೆ ತಿಂಗಳಿಗೆ ಹನ್ನೆರಡು ಕಿಲೋ ಬೇಕು, ಕೊಂಡರೆ ಇನ್ನೂ ಐದಾರು ನೂರು ಕೂಡಿಸಬೇಕು. ಆಗಲೂ ಮೊದಲಿನ ಮೆಸ್ಸು, ತಿಂಡಿ-ಚಹಾ ಸೇರಿದ 4,400ರ ಹತ್ತಿರ ಬರುವುದಿಲ್ಲ.

ಆದರೆ ಈ ಲೆಕ್ಕದಲ್ಲಿ ಹೊತ್ತು ಸೇರಿಲ್ಲ. ಮೊದಲ ಹದಿನೈದು ದಿನ ಅಡಿಗೆಗೆ ಎರಡೂವರೆ ತಾಸು ಹೋಗುತ್ತಿತ್ತು. ಪರೀಕ್ಷೆಗೆ ಓದುವವನಿಗೆ ಅದು ಸಣ್ಣ ಹೊತ್ತಲ್ಲ. ಸುಲಭ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸೋತು ಎರಡು ದಿನ ಮತ್ತೆ ಪೂರಿ ತಿಂದಿದ್ದೂ ಇದೆ. ಆಮೇಲೆ ರೂಮಿನ ಒಬ್ಬ ಗೆಳೆಯ ಪಲ್ಯ ಸೋಸುವುದು, ಪಾತ್ರೆ ತಿಕ್ಕುವುದು ತನಗಿರಲಿ ಅಂದ. ಕೈಯೂ ಪಳಗಿತು. ಭಾನುವಾರ ಹೆಚ್ಚು ರೊಟ್ಟಿ ಬಡಿದು, ಹಂಚಿನ ಸುತ್ತ ಒರಗಿಸಿ ಕಡಕ್ ಮಾಡಿ ಡಬ್ಬಿಗೆ ತುಂಬಿಡುತ್ತೇವೆ, ವಾರವಿಡೀ ಬರುತ್ತವೆ. ಊರಿಂದ ಅವ್ವ ಕಳಿಸಿದ ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಉಳ್ಳಾಗಡ್ಡಿ, ಮೊಸರು ಇದ್ದರೆ ಒಲೆ ಹೊತ್ತಿಸದೆಯೂ ಊಟ ಆಗುತ್ತದೆ. ಈಗ ಇಬ್ಬರ ಅಡಿಗೆಗೆ ಒಂದು ತಾಸು.

ನವೆಂಬರ್ ಮೊದಲ ವಾರ ಮತ್ತೆ ಅದೇ ಆರೋಗ್ಯ ಕೇಂದ್ರಕ್ಕೆ ಹೋದೆ. 12.3. ಮಾತ್ರೆಯದೆಷ್ಟು, ರೊಟ್ಟಿಯದೆಷ್ಟು ಅಂತ ಡಾಕ್ಟರನ್ನೇ ಕೇಳಿದೆ. "ಎರಡೂ ಬಿಡಬ್ಯಾಡ" ಅಂದು ಇನ್ನೊಂದು ತಿಂಗಳ ಮಾತ್ರೆ ಬರೆದರು. ರಕ್ತ ಕೊಡುವುದು ಅಲ್ಲಿಯ ತನಕ ಬೇಡ ಅಂದರು.

ರೂಮಿಗೆ ಬಂದು ನೋಡಿದರೆ ಚೀಲದಲ್ಲಿ ಎರಡು ದಿನಕ್ಕಾಗುವಷ್ಟೇ ಜೋಳ ಉಳಿದಿತ್ತು. ಅದನ್ನು ಬುಟ್ಟಿಗೆ ಸುರಿದು, ಖಾಲಿ ಚೀಲ ಮಡಚಿ ನೆಲಕ್ಕೆ ಹಾಸಿ ಅದರ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. "ಜ್ವಾಳ ತೀರ್ಯಾವ" ಅಂದೆ. ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಅಪ್ಪ, "ತೀರಿದೂವಾ?" ಅಂತ ಎರಡು ಸಲ ಕೇಳಿದ. ಹಳೆಯದು ಇನ್ನೂ ಒಂದು ಚೀಲ ಇದೆ, ನಾಳೆ ಬಸ್ಸಿಗೆ ಹಾಕುತ್ತೇನೆ ಅಂದ. ಈ ಸಲ ಬಿತ್ತಿದ್ದು ಮೊಳಕಾಲೆತ್ತರ ಬಂದಿದೆಯಂತೆ.