ಎಫ್ ಒತ್ತಿದರೆ ಒತ್ತು

ನಮ್ಮ ಕಾಲೇಜಿಗೆ ನಾನು ಎರಡು ಸಲ ಹಳೆಯ ವಿದ್ಯಾರ್ಥಿ. 1986ರಲ್ಲಿ ಬಿ.ಎ. ಮುಗಿಸಿ ಹೋದವನು 2013ರಲ್ಲಿ, ನಲವತ್ತೆಂಟನೇ ವಯಸ್ಸಿನಲ್ಲಿ, ಟಿಫಿನ್ ಡಬ್ಬಿ ಹಿಡಿದು ಮತ್ತೆ ಬಂದೆ. ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು ಅಂತ ಹಿಂದಿನ ವರ್ಷ ನಿಯಮ ಬಂದಿತ್ತು. ಆಗದಿದ್ದರೆ ಬಡ್ತಿಗೆ ಕುತ್ತು. ಕಾಲೇಜಿನ ಲ್ಯಾಬಿನಲ್ಲಿ ಸಂಜೆ ಪಾಠ.

ಬಿ.ಎ.ಯಲ್ಲಿ ಏನು ಓದಿದೆ ಅಂತ ಮಾತ್ರ ಕೇಳಬೇಡಿ. ನೆನಪಿರುವುದು ಗೇಟಿನ ಎದುರಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮೇಷ್ಟ್ರು. ಹೋದ ತಿಂಗಳು ತೀರಿಕೊಂಡರು. ಅದಕ್ಕೇ ಇದನ್ನು ಬರೆಯಲು ಕೂತೆ. ಕೀ ನೋಡಿ ಹೊಡೆದರೆ ಗೆಣ್ಣಿಗೆ ಸ್ಕೇಲಿನ ಏಟು. ಆಮೇಲೆ ಕೈ ಮೇಲೆ ತಮ್ಮ ಟವೆಲ್ ಹೊದಿಸಿಬಿಡುತ್ತಿದ್ದರು. “ಕಣ್ಣು ಕಾಗದಕ್ಕೆ, ಕಿವಿ ಗಂಟೆಗೆ” ಅನ್ನುವರು. ಸಾಲು ಮುಗಿಯುವಾಗ ಟಿಣ್ ಅನ್ನುತ್ತಿತ್ತಲ್ಲ, ಆ ಗಂಟೆ. ಹತ್ತು ಮಿಷನ್‌ಗಳ ಗದ್ದಲದಲ್ಲೂ ತಪ್ಪಿದ ಬೆರಳು ಯಾರದೆಂದು ಅವರಿಗೆ ತಿಳಿಯುತ್ತಿತ್ತು.

ಲ್ಯಾಬಿನ ಮೇಡಂಗೆ ನನ್ನ ಮಗಳ ವಯಸ್ಸು. ನುಡಿ ತಂತ್ರಾಂಶ, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ. ಇದ್ಯಾವ ನ್ಯಾಯ ಅಂತ ಜಗಳಕ್ಕೇ ನಿಂತೆ. “ಎಫ್ ಒತ್ತಿದರೆ ಒತ್ತು, ಸರ್. ಅ, ಮ, ಎಫ್, ಮ. ಅಮ್ಮ ಬಂತು ನೋಡಿ.” ಬಂತು. ನನ್ನ ಬೆರಳು ಮಾತ್ರ ಹಳೇ ಮಿಷನ್ನಿನ ಜಾಗಕ್ಕೇ ಓಡುತ್ತಿತ್ತು, ಅದೂ ಕುಟ್ಟಿಕೊಂಡು. “ಮೆಲ್ಲಗೆ ಸರ್, ಇದು ಒರಳಲ್ಲ.”

ಒಂದು ದಿನ ನಮ್ಮ ಶಿರಸ್ತೇದಾರರ ಮೌಸಿನ ವೈರನ್ನು ಪಕ್ಕದ ಕಂಪ್ಯೂಟರಿಗೂ, ಅದರದನ್ನು ಇವರದಕ್ಕೂ ಸಿಕ್ಕಿಸಿದೆ. ಇವರು ಎಳೆದರೆ ಅಲ್ಲಿ ಬಾಣ ಓಡುತ್ತದೆ, ಅವರು ಎಳೆದರೆ ಇಲ್ಲಿ. “ಇದಕ್ಕೆ ಗಾಳಿ ಮೆಟ್ಟಿದೆ ಕಣ್ರೀ!” ಅಂತ ಕುರ್ಚಿ ಬಿಟ್ಟೆದ್ದರು. ಸಿಕ್ಕಿಬಿದ್ದೆ. ‘ಇನ್ನು ಮುಂದೆ ಇಲಿ ಮುಟ್ಟುವುದಿಲ್ಲ’ ಅಂತ ಐವತ್ತು ಸಲ ಟೈಪ್ ಮಾಡುವ ಶಿಕ್ಷೆ. ಒಂದು ಸಲ ಹೊಡೆದು, ಕಾಪಿ ಮಾಡಿ, ನಲವತ್ತೊಂಬತ್ತು ಸಲ ಪೇಸ್ಟ್ ಮಾಡಿದೆ. ಮೇಡಂ ನಕ್ಕು, “ಇವತ್ತಿನ ಪಾಠ ನಿಮಗೊಬ್ಬರಿಗೆ ಅರ್ಥ ಆಗಿದೆ” ಅಂದರು. ಹೇಳಿಕೊಳ್ಳಬಾರದು, ನಮ್ಮ ಆಫೀಸಿನಲ್ಲಿ ಮೊದಲನೇ ಸಲಕ್ಕೇ ಪಾಸಾದವನು ನಾನೊಬ್ಬನೇ.

ಸುದ್ದಿ ಹೇಳಲು ಮೇಷ್ಟ್ರ ಮನೆಗೆ ಹೋದರೆ ಅವರು ಕೇಳಿದ್ದು ಒಂದೇ: “ನೋಡದೇ ಹೊಡೀತೀಯೇನೋ?” ಹೂಂ ಸಾರ್ ಅಂದೆ. ಸುಳ್ಳು.

ಈಗಿನ ಹುಡುಗರಿಗೆ ಬೆರಳೇ ಬೇಡ, ಫೋನಿಗೆ ಬಾಯಲ್ಲಿ ಹೇಳುತ್ತಾರೆ. ಅದು ಬರೆದದ್ದನ್ನು ಓದಿ ನೋಡುವ ತಾಳ್ಮೆಯಾದರೂ ಬೇಡ್ವಾ? ಮೇಷ್ಟ್ರ ಶ್ರದ್ಧಾಂಜಲಿ ಬ್ಯಾನರಿಗೆ ನಾಲ್ಕು ಸಾಲು ಬೇಕಿತ್ತು. “ಕೊಡಪ್ಪಾ, ಫೋನಲ್ಲಿ ಹೇಳ್ತೀನಿ” ಅಂದಳು ಮಗಳು. ಬೇಡವೆಂದು ಕೀಲಿಮಣೆ ಮುಂದೆ ಕೂತು, ಕೈ ಮೇಲೆ ಟವೆಲ್ ಹೊದ್ದುಕೊಂಡೆ. ತೆಗೆದು ನೋಡಿದರೆ, ಮೇಷ್ಟ್ರ ಹೆಸರಿನಲ್ಲೇ ಒತ್ತು ಬಿಟ್ಟುಹೋಗಿತ್ತು.