ಜಾರುವ ಪಾದ, ಸಿಡಿಯುವ ಮಂಡಿ, ತೇಲುವ ಸೊಂಟ

ಆನಿಮೇಷನ್‌ನಲ್ಲಿ ನಡಿಗೆ ಸುಳ್ಳೆನಿಸಿದರೆ ಹೆಚ್ಚಿನವರು ಕೈ ಬೀಸನ್ನೋ ಬಟ್ಟೆಯ ಮಡಿಕೆಯನ್ನೋ ತಿದ್ದಲು ಕೂರುತ್ತಾರೆ. ಮೊದಲು ನೋಡಬೇಕಾದ್ದು ಪಾದ, ಆಮೇಲೆ ಸೊಂಟ. ಇವೆರಡು ಸರಿಯಿದ್ದರೆ ಮುಖವೇ ಇಲ್ಲದ ಗೊಂಬೆಯೂ ಮನುಷ್ಯನಂತೆ ನಡೆಯುತ್ತದೆ.

ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಸಾಧಾರಣ ನಡಿಗೆಯ ಒಂದು ಸುತ್ತು, ಅಂದರೆ ಎರಡು ಹೆಜ್ಜೆ, 24 ಫ್ರೇಮ್. 1ರಲ್ಲಿ ಒಂದು ಹಿಮ್ಮಡಿ ನೆಲ ಮುಟ್ಟುತ್ತದೆ, 13ರಲ್ಲಿ ಇನ್ನೊಂದು. 25ನೇ ಫ್ರೇಮ್‌ನಲ್ಲಿ 1ರ ನಕಲು ಇಡಿ, ಆದರೆ ಓಡಿಸುವುದು 1ರಿಂದ 24ರವರೆಗೆ ಮಾತ್ರ. 25ನ್ನೂ ಸೇರಿಸಿದರೆ ಒಂದೇ ಭಂಗಿ ಎರಡು ಸಲ ಬಂದು ಪ್ರತಿ ಸುತ್ತಿಗೂ ಸಣ್ಣ ತಡೆ ಕಾಣಿಸುತ್ತದೆ.

ಒಂದು ಪಾದ ಸುತ್ತಿನ ಸುಮಾರು ಶೇ. 60 ಭಾಗ ನೆಲದ ಮೇಲಿರುತ್ತದೆ, ಶೇ. 40 ಗಾಳಿಯಲ್ಲಿ. 24ರಲ್ಲಿ 14-15 ಫ್ರೇಮ್ ನೆಲ, ಉಳಿದದ್ದು ಗಾಳಿ. ಇದನ್ನು 12-12 ಎಂದು ಸಮಪಾಲು ಮಾಡಿದರೆ ಎರಡೂ ಪಾದ ಒಟ್ಟಿಗೆ ನೆಲದಲ್ಲಿರುವ ಆ ಎರಡು-ಮೂರು ಫ್ರೇಮ್ ಕಾಣೆಯಾಗುತ್ತವೆ. ಆಗ ಪಾತ್ರಕ್ಕೆ ತೂಕವೇ ಇರುವುದಿಲ್ಲ.

ಇನ್ನು ಜಾರುವಿಕೆ. ಒಂದು ಸುತ್ತಿನಲ್ಲಿ ಪಾತ್ರ 1.4 ಮೀಟರ್ ಮುಂದೆ ಹೋಗುತ್ತದೆ ಅಂದುಕೊಳ್ಳಿ. ರೂಟ್ ಬೋನ್ (ಇಡೀ ಪಾತ್ರವನ್ನು ಹೊತ್ತೊಯ್ಯುವ ಮೂಲ ಮೂಳೆ) ಪ್ರತಿ ಫ್ರೇಮ್‌ಗೆ 5.83 ಸೆಂ.ಮೀ. ಮುಂದಕ್ಕೆ ಸರಿಯಬೇಕು. ನಿಂತಲ್ಲೇ ನಡೆಯುವ ಸೈಕಲ್ (ಮತ್ತೆ ಮತ್ತೆ ಓಡಿಸುವ ನಡಿಗೆಯ ಸುತ್ತು) ಆದರೆ ನೆಲದಲ್ಲಿರುವ ಪಾದ ಅಷ್ಟೇ ದೂರ ಹಿಂದಕ್ಕೆ ಸರಿಯಬೇಕು. ಆದರೆ ಸಾಫ್ಟ್‌ವೇರ್ ತಾನಾಗಿ ಕೊಡುವುದು ಬೆಜಿಯೆ ಕರ್ವ್, ಅಂದರೆ ಚಲನೆಯ ಬಾಗಿದ ಗೆರೆ. ಅದರಲ್ಲಿ ಪಾದ ಕೀಗಳ (ನಾವೇ ಭಂಗಿ ಇಟ್ಟ ಫ್ರೇಮ್‌ಗಳ) ಹತ್ತಿರ ನಿಧಾನವಾಗಿ, ನಡುವೆ ಜೋರಾಗಿ ಓಡುತ್ತದೆ. ರೂಟ್ ಮಾತ್ರ ಒಂದೇ ವೇಗದಲ್ಲಿರುತ್ತದೆ. ಈ ವ್ಯತ್ಯಾಸವೇ ಕಣ್ಣಿಗೆ ಜಾರಿದಂತೆ ಕಾಣುವುದು. ನೆಲದಲ್ಲಿರುವಷ್ಟು ಹೊತ್ತು ಪಾದದ ಕರ್ವ್ ಲೀನಿಯರ್, ಅಂದರೆ ನೇರ ಗೆರೆ, ಆಗಿರಲಿ. ನಿಜದಲ್ಲಿ ದೇಹದ ವೇಗವೂ ಸ್ವಲ್ಪ ಏರಿಳಿಯುತ್ತದೆ ನಿಜ. ಅದು ಬೇಕಿದ್ದರೆ ಸೊಂಟದ ಕಂಟ್ರೋಲ್‌ಗೆ ಸೇರಿಸಿ, ರೂಟ್‌ಗೆ ಕೈ ಹಚ್ಚಬೇಡಿ. ಅಳೆಯುವ ಬಿಂದುವೂ ಮುಖ್ಯ: ಮೊದಲ ಮೂರು-ನಾಲ್ಕು ಫ್ರೇಮ್ ಹಿಮ್ಮಡಿ ನೆಲಕ್ಕೆ ಅಂಟಿರುತ್ತದೆ, ಹಿಮ್ಮಡಿ ಎದ್ದ ಮೇಲೆ ಬೆರಳುಗಳ ಬುಡ. ಕಾಲಿನ ಗಿಣ್ಣನ್ನೇ ನೋಡುತ್ತ ಕೂತರೆ ಇಲ್ಲದ ಜಾರುವಿಕೆಯನ್ನು ತಿದ್ದುತ್ತ ಇರುವ ಜಾರುವಿಕೆಯನ್ನು ಬಿಟ್ಟುಬಿಡುತ್ತೀರಿ.

ಮಂಡಿ ಸಿಡಿಯುವುದು ಐಕೆ (ಇನ್ವರ್ಸ್ ಕೈನೆಮ್ಯಾಟಿಕ್ಸ್: ಪಾದ ಇಟ್ಟ ಜಾಗಕ್ಕೆ ತಕ್ಕಂತೆ ಮಂಡಿಯನ್ನು ಸಾಫ್ಟ್‌ವೇರೇ ಮಡಚುವ ವಿಧಾನ) ಕಾಲಿನ ರೋಗ. ತೊಡೆ 45, ಅದರ ಕೆಳಗಿನ ಮೂಳೆ 45 ಸೆಂ.ಮೀ. ಎಂದಿಟ್ಟುಕೊಳ್ಳಿ. ಕಾಲು ಪೂರ್ತಿ ನೇರವಾದಾಗ ಉದ್ದ 90. ಮಂಡಿ 10 ಡಿಗ್ರಿ ಮಡಚಿದಾಗ 89.66. ಅಂದರೆ ಕೊನೆಯ 3.4 ಮಿ.ಮೀ.ನಲ್ಲೇ ಮಂಡಿ 10 ಡಿಗ್ರಿ ತಿರುಗಿಬಿಡುತ್ತದೆ! ಸೊಂಟ ಒಂದೇ ಫ್ರೇಮ್‌ನಲ್ಲಿ ಅರ್ಧ ಸೆಂ.ಮೀ. ಏರಿದರೂ ಮಂಡಿ ಫಟ್ಟನೆ ಬಡಿದಂತೆ ಕಾಣಲು ಇಷ್ಟು ಸಾಕು. ಕಾಲನ್ನು ಎಂದೂ ಪೂರ್ತಿ ನೇರ ಮಾಡಬೇಡಿ, ಐದಾರು ಡಿಗ್ರಿ ಉಳಿಸಿ. ಹಿಂದಿನ ಕಾಲು ತಲುಪುತ್ತಿಲ್ಲವೆಂದರೆ ಸೊಂಟ ಇಳಿಸುವುದಕ್ಕಿಂತ ಹಿಮ್ಮಡಿಯನ್ನು ಒಂದು ಫ್ರೇಮ್ ಮೊದಲೇ ಎತ್ತುವುದು ಮೇಲು. ಐಕೆ ಸ್ಟ್ರೆಚ್ (ಮೂಳೆಯನ್ನೇ ಉದ್ದಕ್ಕೆ ಎಳೆಯುವುದು) ಹಾಕಿ ಮುಚ್ಚಿಡುವುದು ಕಾರ್ಟೂನ್‌ಗೆ ಸರಿ, ವಾಸ್ತವದ ನಡಿಗೆಗೆ ಸಲ್ಲದು.

ಸೊಂಟ ಏರಿಳಿಯುವುದು ನಾಲ್ಕೈದು ಸೆಂ.ಮೀ. ಅಷ್ಟೆ. ಕೈಯಲ್ಲಿ ಚಿತ್ರ ಬರೆಯುತ್ತಿದ್ದ ಕಾಲದಿಂದ ಬಂದ ರೂಢಿಯಲ್ಲಿ 4ನೇ ಫ್ರೇಮ್ ಅತಿ ಕೆಳಗೆ, 10ನೇದು ಅತಿ ಮೇಲೆ. ನಿಜವಾದ ನಡಿಗೆಯಲ್ಲಿ ಎರಡೂ ಪಾದ ನೆಲದಲ್ಲಿದ್ದಾಗ, ಅಂದರೆ 2-3ರ ಹೊತ್ತಿಗೆ, ದೇಹ ಅತಿ ಕೆಳಗಿರುತ್ತದೆ. ಒಂಟಿ ಕಾಲಿನ ನೇರ ಮೇಲೆ ಬಂದಾಗ, ಸುಮಾರು 8ರಲ್ಲಿ, ಅತಿ ಮೇಲೆ. ಹಳೆಯ ರೂಢಿ ತೂಕವನ್ನು ಉತ್ಪ್ರೇಕ್ಷಿಸುತ್ತದೆ, ಅದಕ್ಕೇ ಚೆಂದ. ಆದರೆ ನಟರ ಜೊತೆ ಒಂದೇ ಶಾಟ್‌ನಲ್ಲಿ ನಡೆಯುವ ಪಾತ್ರಕ್ಕೆ ಹಾಕಿದರೆ ಬೇರೆಯಾಗಿ ಎದ್ದು ಕಾಣುತ್ತದೆ. ಓಟದಲ್ಲಿ ಲೆಕ್ಕ ತಿರುವುಮುರುವು: ಒಂಟಿ ಕಾಲಿನ ಮೇಲಿರುವಾಗಲೇ ದೇಹ ಕುಗ್ಗುತ್ತದೆ. ಪಕ್ಕದ ಚಲನೆಯನ್ನೂ ಮರೆಯಬಾರದು. ಸೊಂಟ ನಿಂತ ಕಾಲಿನ ಕಡೆಗೆ ವಾಲಬೇಕು, ಎತ್ತಿದ ಕಾಲಿನ ಬದಿ ಸುಮಾರು 5 ಡಿಗ್ರಿ ಇಳಿಯಬೇಕು, ಭುಜಗಳು ಸೊಂಟಕ್ಕೆ ವಿರುದ್ಧವಾಗಿ ತಿರುಗಬೇಕು.

ಜಿಗಿತಕ್ಕೆ ಗುರುತ್ವವೇ ಟೈಮಿಂಗ್ ಕೊಡುತ್ತದೆ. ತುತ್ತತುದಿಯಿಂದ ಬೀಳುವ ದೂರ ಫ್ರೇಮ್‌ವಾರು 0.85, 3.4, 7.7, 13.6, 21.3, 30.7 ಸೆಂ.ಮೀ. 12 ಫ್ರೇಮ್ ಗಾಳಿಯಲ್ಲಿದ್ದರೆ ಎತ್ತರ 31 ಸೆಂ.ಮೀ. ಆಸುಪಾಸು. ಅದನ್ನು ಒಂದು ಮೀಟರ್ ಎತ್ತರಿಸಿದರೆ ಪಾತ್ರಕ್ಕೆ ಹಗ್ಗ ಕಟ್ಟಿ ಎಳೆದಂತಾಗುತ್ತದೆ.

ನಾಲ್ಕು ಕಾಲಿನ ಪ್ರಾಣಿಗೆ ಬಂದರೆ ಮೊದಲ ಎಡವಟ್ಟು ರಿಗ್‌ನಲ್ಲೇ, ಅಂದರೆ ಪಾತ್ರದೊಳಗಿನ ಎಲುಬುಗೂಡಿನಲ್ಲೇ. ಕುದುರೆಯ ಮುಂಗಾಲಿನಲ್ಲಿ ಮಂಡಿಯಂತೆ ಕಾಣುವುದು ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಗಂಟು ಹಿಮ್ಮಡಿ. ಕುದುರೆಗೆ ಕೊರಳೆಲುಬಿಲ್ಲ. ಹೆಗಲ ಮೂಳೆ ಬರೀ ಸ್ನಾಯುಗಳಿಂದ ಎದೆಗೂಡಿಗೆ ತಗುಲಿಕೊಂಡಿದೆ. ಅದು ಪಕ್ಕೆಲುಬುಗಳ ಮೇಲೆ ಸರಿದಾಡದ ರಿಗ್‌ನಲ್ಲಿ ಎಷ್ಟು ತಿದ್ದಿದರೂ ಮುಂಗಾಲು ಮೇಜಿನ ಕಾಲೇ.

ಕುದುರೆ ನಡೆಯುವಾಗ ಗೊರಸುಗಳು ಊರುವ ಕ್ರಮ: ಎಡ ಹಿಂದು, ಎಡ ಮುಂದು, ಬಲ ಹಿಂದು, ಬಲ ಮುಂದು. 28 ಫ್ರೇಮ್‌ನ ಸೈಕಲ್‌ನಲ್ಲಿ 1, 8, 15, 22. ಮನುಷ್ಯನ ಸೈಕಲ್ ನಕಲಿಸಿ ಓರೆಯಾಗಿ ಎದುರಿರುವ ಕಾಲುಗಳನ್ನು (ಎಡ ಹಿಂದು, ಬಲ ಮುಂದು) ಒಟ್ಟಿಗೆ ಇಟ್ಟರೆ ಅದು ನಡಿಗೆಯಲ್ಲ, ದುಡುಕಿ ಓಟ (ಟ್ರಾಟ್). ನಾಗಾಲೋಟದಲ್ಲಿ ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿ ಕೂಡಿದಾಗ. ಚಾಚಿದಾಗ ಎಂದು ತಲೆಮಾರುಗಳ ಕಾಲ ಕಲಾವಿದರು ಬರೆದಿದ್ದನ್ನು 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ತೆಗೆದ ಸಾಲು ಫೋಟೊಗಳು ಸುಳ್ಳು ಮಾಡಿದವು.

ಆನೆ ಇನ್ನೂ ಬೇರೆ. ಎಷ್ಟೇ ಜೋರಾಗಿ ಹೋದರೂ ನಾಲ್ಕೂ ಕಾಲು ಒಟ್ಟಿಗೆ ಗಾಳಿಗೇಳುವುದಿಲ್ಲ, ಊರುವ ಕ್ರಮವೂ ಬದಲಾಗುವುದಿಲ್ಲ. ಏಷ್ಯಾದ ಆನೆಗಳ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆಕೆಂಡಿಗೆ 6.8 ಮೀಟರ್ ವೇಗದಲ್ಲೂ ಹೀಗೇ ಕಂಡಿತ್ತು. ಹಾಗಾಗಿ ಆನೆಗೆ ನಾಗಾಲೋಟ ಹಾಕುವುದು ಬೇಡ. ರೆಫರೆನ್ಸ್‌ಗೆ ಮೈಸೂರಿನ ಜಂಬೂ ಸವಾರಿಯ ವಿಡಿಯೊಗಳು ಚೆನ್ನ, ಪಕ್ಕದಿಂದ ತೆಗೆದ ಶಾಟ್‌ಗಳು ಬೇಕಾದಷ್ಟಿವೆ. ಆದರೆ ಅಂಬಾರಿ ಹೊತ್ತ ಆನೆಯ ನಡಿಗೆ ಬೇರೆ, ಬರಿಮೈ ಆನೆಯದು ಬೇರೆ. ಬೆನ್ನ ಮೇಲೆ ಭಾರವಿಲ್ಲದ ತಾಲೀಮಿನ ವಿಡಿಯೊ ಇಟ್ಟುಕೊಂಡು ಹೋಲಿಸಿ.

ಮೋಷನ್ ಕ್ಯಾಪ್ಚರ್ (ನಟನ ಚಲನೆಯನ್ನು ದಾಖಲಿಸಿ ಪಾತ್ರಕ್ಕೆ ಹಾಕುವುದು) ಬಳಸಿದರೆ ಈ ಕೆಲಸ ತಪ್ಪುತ್ತದೆ ಎಂಬುದು ಭ್ರಮೆ. ನಟನ ಕಾಲು 90 ಸೆಂ.ಮೀ., ಪಾತ್ರದ್ದು 60 ಎಂದರೆ ರೂಟ್‌ನ ದೂರವನ್ನು 0.67ರಿಂದ ಗುಣಿಸಬೇಕು, ಇಲ್ಲವಾದರೆ ಪಾದ ಜಾರುತ್ತದೆ. ಆಮೇಲೂ ಚಿಕ್ಕ ಪಾತ್ರ ನೀರಿನಲ್ಲಿ ನಡೆದಂತೆ ಕಾಣುತ್ತದೆ, ಏಕೆಂದರೆ ಕಾಲು ಬೀಸುವ ಹೊತ್ತು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 0.67ರ ವರ್ಗಮೂಲ 0.82, ಆದ್ದರಿಂದ 24 ಫ್ರೇಮ್‌ನ ಸುತ್ತನ್ನು 20ಕ್ಕೆ ಇಳಿಸಿ. ದೈತ್ಯನಿಗೆ ಇದರ ತಿರುವುಮುರುವು.

ಕೈಯಿಂದ ಕೀ ಇಡದೆ ಭೌತಶಾಸ್ತ್ರದ ಲೆಕ್ಕದಿಂದಲೇ ಪಾತ್ರವನ್ನು ನಡೆಸುವ ಭೌತಿಕ ಸಿಮ್ಯುಲೇಶನ್‌ನಲ್ಲಿ ಮೈಯ ಪ್ರತಿ ಸಂದಿಗೂ ಗುರಿಯ ಕೋನ ಕೊಟ್ಟು, ಸ್ಪ್ರಿಂಗ್ ಮತ್ತು ಡ್ಯಾಂಪರ್‌ನಂಥ (ಕುಲುಕಾಟ ತಗ್ಗಿಸುವ) ಬಲದಿಂದ ಅದನ್ನು ಅಲ್ಲಿಗೆ ಎಳೆಸುತ್ತಾರೆ. 2018ರ ಡೀಪ್‌ಮಿಮಿಕ್ ಎಂಬ ಸಂಶೋಧನೆಯಲ್ಲಿ ಗುರಿಯ ಕೋನಗಳನ್ನು ನ್ಯೂರಲ್ ನೆಟ್‌ವರ್ಕ್ ಸೆಕೆಂಡಿಗೆ 30 ಸಲ ಕೊಡುತ್ತಿತ್ತು, ಭೌತಿಕ ಲೆಕ್ಕ ನಡೆಯುತ್ತಿದ್ದುದು ಸೆಕೆಂಡಿಗೆ 1,200 ಸಲ. ಈ ಅಂತರ ಸುಮ್ಮನೆ ಇಟ್ಟದ್ದಲ್ಲ. ಸ್ಪ್ರಿಂಗ್ ಬಿಗಿಯಾಗಿದ್ದು ಲೆಕ್ಕ ಸೆಕೆಂಡಿಗೆ 60 ಸಲ ಮಾತ್ರ ನಡೆದರೆ ಗಿಣ್ಣು ಗಡಗಡ ನಡುಗಿ ಪಾತ್ರ ಹಾರಿಹೋಗುತ್ತದೆ. ಸಡಿಲ ಬಿಟ್ಟರೆ ಮಂಡಿ ಕುಸಿಯುತ್ತದೆ. ಮೊದಲು ಟೈಮ್‌ಸ್ಟೆಪ್ (ಒಂದು ಲೆಕ್ಕಕ್ಕೂ ಮುಂದಿನದಕ್ಕೂ ನಡುವಿನ ಹೊತ್ತು) ಚಿಕ್ಕದು ಮಾಡಿ, ಆಮೇಲೆ ಡ್ಯಾಂಪಿಂಗ್ ಏರಿಸಿ, ಸ್ಪ್ರಿಂಗ್ ಮುಟ್ಟುವುದು ಕೊನೆಗೆ.